ವೇಲ್ಸ್‌ನಲ್ಲಿ ಬೀಚ್ ಊರು ಆರಿಸೋದು ಹೇಗೆ? ಫೋಟೋ ಆಮೇಲೆ, ಮೊದ್ಲು ಮ್ಯಾಪ್ ತೆಗೀರಿ

ಮಗಳು ಲಂಡನ್ನಲ್ಲಿದಾಳೆ, ಮಗ ಬರ್ಮಿಂಗ್‌ಹ್ಯಾಮಲ್ಲಿ ಓದ್ತಿದಾನೆ, ಹೋದಾಗ ಒಂದ್ನಾಲ್ಕು ದಿನ ಸಮುದ್ರದ ಕಡೆ ಸುತ್ತಿ ಬರೋಣ ಅನ್ನೋರಿಗೆ ವೇಲ್ಸ್ ಒಳ್ಳೇ ಜಾಗ, ಯುಕೆ ವಿಸಿಟರ್ ವೀಸಾನೇ ಸಾಕು. ತಲೆನೋವು ಇರೋದು ಊರು ಆರಿಸೋದ್ರಲ್ಲಿ. ಇನ್‌ಸ್ಟಾಗ್ರಾಮಲ್ಲಿ ಎಲ್ಲಾ ಊರೂ ಒಂದೇ ಥರ ಕಾಣ್ತವೆ, ಬಣ್ಣದ ಮನೆ, ನೀಲಿ ನೀರು, ಐಸ್‌ಕ್ರೀಮು.

ಮೊದಲನೇ ಹೆಜ್ಜೆ, ಉತ್ತರಾನಾ ದಕ್ಷಿಣಾನಾ ಮಧ್ಯಾನಾ ಅಂತ ತೀರ್ಮಾನ ಮಾಡ್ಕೊಳ್ಳಿ. ಮ್ಯಾಪಲ್ಲಿ ವೇಲ್ಸ್ ಚಿಕ್ಕದಾಗಿ ಕಾಣುತ್ತೆ ಅಂತ ಬೆಳಿಗ್ಗೆ ಉತ್ತರದ ಲ್ಯಾನ್‌ಡಿಡ್ನೋ, ಸಂಜೆ ದಕ್ಷಿಣದ ಟೆನ್‌ಬಿ ಅಂತೆಲ್ಲ ಲೆಕ್ಕ ಹಾಕ್ಬೇಡಿ, ಕರಾವಳಿಗುಂಟ ಮೇಲಿಂದ ಕೆಳಗೆ ಹೋಗೋ ರೈಲೇ ಇಲ್ಲ. ಮಧ್ಯದ ಅಬರಿಸ್ಟ್‌ವಿತ್‌ನಿಂದ ದಕ್ಷಿಣದ ಕಾರ್‌ಮಾರ್ದನ್‌ಗೆ ಇದ್ದ ಲೈನಲ್ಲಿ 1965ರಲ್ಲೇ ಪ್ಯಾಸೆಂಜರ್ ರೈಲು ನಿಲ್ಸಿಬಿಟ್ರು, ಹಾಗಾಗಿ ಇವತ್ತಿಗೂ ಅಲ್ಲಿಂದ ತಮ್ಮದೇ ರಾಜಧಾನಿ ಕಾರ್ಡಿಫ್‌ಗೆ ರೈಲಲ್ಲಿ ಹೋಗ್ಬೇಕಂದ್ರೆ ಇಂಗ್ಲೆಂಡಿನ ಶ್ರೂಸ್‌ಬರಿ ಸುತ್ತಿ ಬರ್ಬೇಕು, ಇಲ್ಲಾಂದ್ರೆ ಬಸ್ಸು. ಲಂಡನ್ನಿಂದ ಬರೋರಿಗೆ ಕಾರ್ಡಿಫ್ ಎರಡು ಗಂಟೆ ಆಸುಪಾಸು, ಸ್ವಾನ್ಸಿ ಮೂರು ಗಂಟೆ ಹತ್ರ, ಉತ್ತರದ ಲ್ಯಾನ್‌ಡಿಡ್ನೋ ಜಂಕ್ಷನ್ನೂ ಹೆಚ್ಚುಕಮ್ಮಿ ಅಷ್ಟೇ. ಬರ್ಮಿಂಗ್‌ಹ್ಯಾಮಿಂದ ಆದ್ರೆ ಅಬರಿಸ್ಟ್‌ವಿತ್‌ಗೆ ನೇರ ರೈಲೇ ಇದೆ.

ಎರಡನೇದು, ಜೊತೆಗೆ ಯಾರು ಬರ್ತಿದಾರೆ ನೋಡಿ. ಮಂಡಿನೋವಿನ ಅಪ್ಪ ಅಮ್ಮ ಇದ್ರೆ ನಾನಂತೂ ಕಣ್ಮುಚ್ಚಿ ಲ್ಯಾನ್‌ಡಿಡ್ನೋ ಅಂತೀನಿ. ದಂಡೆ ಉದ್ದಕ್ಕೂ ಅಗಲವಾದ ಸಮತಟ್ಟು ರಸ್ತೆ, ಅಲ್ಲಲ್ಲಿ ಬೆಂಚು, ಸಮುದ್ರದೊಳಕ್ಕೆ ಸುಮಾರು 700 ಮೀಟರ್ ಚಾಚಿರೋ 1877ರ ಪಿಯರ್, ಪಕ್ಕದ ಗ್ರೇಟ್ ಓರ್ಮ್ ಗುಡ್ಡ ಹತ್ತೋಕೆ ಕೇಬಲ್ ಎಳೆಯೋ ಟ್ರಾಮು, ಅದು 1902ರಿಂದ ಓಡ್ತಿದೆ. 2020ರ ಲಾಕ್‌ಡೌನಲ್ಲಿ ಊರೊಳಗೆ ನುಗ್ಗಿ ಬೇಲಿಗಿಡ ಮೇಯ್ದ ಕಾಶ್ಮೀರಿ ಆಡುಗಳ ವಿಡಿಯೋ ನೋಡಿರ್ತೀರಲ್ಲ, ಅದೇ ಗುಡ್ಡದ್ದು. ಒಂದೇ ಕೊರತೆ, ಊರ ಮುಂದಿನ ದಂಡೆ ಬರೀ ಕಲ್ಲು. ಮರಳು ಬೇಕಂದ್ರೆ ಹಿಂದುಗಡೆ ವೆಸ್ಟ್ ಶೋರ್‌ಗೆ ಹೋಗ್ಬೇಕು. ಕೋಟೆ ನೋಡೋಕೆ ಕಾನ್ವಿ ಹತ್ರಾನೇ ಇದೆ.

ಮಕ್ಕಳಿಗೆ ಮರಳೇ ಮುಖ್ಯ ಅಂದ್ರೆ ಟೆನ್‌ಬಿ. ಆದ್ರೆ ಬೀಚಿಗೆ ಇಳಿಯೋಕೆ ಮೆಟ್ಲು, ಇಳಿಜಾರು ಜಾಸ್ತಿ, ಜುಲೈ ಆಗಸ್ಟಲ್ಲಿ ಹಗಲು ಹೊತ್ತು ಹಳೇ ಕೋಟೆಗೋಡೆ ಒಳಗೆ ಗಾಡಿ ಬಿಡಲ್ಲ, ದೊಡ್ಡ ಸೂಟ್‌ಕೇಸ್ ಇದ್ರೆ ಅದನ್ನೂ ಯೋಚನೆ ಮಾಡಿ. ಎದುರಿನ ಕಾಲ್ಡಿ ದ್ವೀಪದಲ್ಲಿ ಕ್ರಿಶ್ಚಿಯನ್ ಸನ್ಯಾಸಿಗಳ ಮಠ ಇದೆ, ಅವರೇ ಚಾಕೊಲೇಟ್ ಮಾಡಿ ಮಾರ್ತಾರೆ, ಭಾನುವಾರ ದೋಣಿ ಇಲ್ಲ.

ನಗರಾನೇ ಬೇಕು ಅನ್ನೋರು ಹೆಸರು ನೋಡಿ ಮೋಸಹೋಗ್ಬೇಡಿ. ಕಾರ್ಡಿಫ್ ಬೇ ಅಂದ್ರೆ ಈಗ ಬೀಚಲ್ಲ, 1999ರಲ್ಲಿ ಮುಗಿದ ತಡೆಗೋಡೆ ಹಿಂದೆ ನಿಂತಿರೋ ಸಿಹಿನೀರು. ಕಾರ್ಡಿಫಲ್ಲಿ ಉಳ್ಕೊಂಡು ಅರ್ಧ ಗಂಟೆ ಲೋಕಲ್ ರೈಲಲ್ಲಿ ಬ್ಯಾರಿ ಐಲ್ಯಾಂಡ್ ಬೀಚಿಗೆ ಹೋಗಿ ಬನ್ನಿ. ಸೇಂಟ್ ಡೇವಿಡ್ಸ್ ಕೂಡ ಕಾಗದದ ಮೇಲೆ ಸಿಟಿನೇ, ಜನ 2 ಸಾವಿರಕ್ಕೂ ಕಮ್ಮಿ, ರೈಲೂ ಇಲ್ಲ! ಅದಕ್ಕಿಂತ ಸ್ವಾನ್ಸಿ ವಾಸಿ, ಅಲ್ಲಿಂದ ಬಸ್ಸಲ್ಲೇ ಗವರ್ ಪರ್ಯಾಯ ದ್ವೀಪದ ಕಡೆ ಹೋಗ್ಬಹುದು, 1956ರಲ್ಲಿ ಬ್ರಿಟನ್ ತನ್ನ ಮೊದಲ ಸಂರಕ್ಷಿತ ಸುಂದರ ಪ್ರದೇಶ ಅಂತ ಘೋಷಿಸಿದ್ದು ಇದನ್ನೇ.

ಈಗ ತುಂಬಾ ಜನ ಬಿಟ್ಟುಬಿಡೋ ಹೆಜ್ಜೆ, ಭರತ ಇಳಿತ. ನಮ್ಮ ಕರಾವಳಿಲಿ ನೀರು ಎರಡು ಮೀಟರ್ ಆಸುಪಾಸು ಏರಿ ಇಳಿಯುತ್ತೆ, ಕಾರ್ಡಿಫ್ ಹತ್ರ ಅಮಾವಾಸ್ಯೆ ಹುಣ್ಣಿಮೆ ಸಮಯದಲ್ಲಿ ಅದು 12 ಮೀಟರ್ ತನಕ ಹೋಗುತ್ತೆ. ಅಂದ್ರೆ ಬೆಳಿಗ್ಗೆ ಇದ್ದ ಬೀಚ್ ಮಧ್ಯಾಹ್ನ ಇರಲ್ಲ, ಇಲ್ಲಾ ನೀರು ಮುಟ್ಟೋಕೆ ಕೆಸರಲ್ಲಿ ಫರ್ಲಾಂಗುಗಟ್ಲೆ ನಡೀಬೇಕು. ಗವರ್ ತುದಿಯ ವರ್ಮ್ಸ್ ಹೆಡ್ ಅನ್ನೋ ಪುಟ್ಟ ದ್ವೀಪಕ್ಕೆ ಕಲ್ಲುಬಂಡೆ ಮೇಲೆ ನಡ್ಕೊಂಡು ಹೋಗ್ಬಹುದು, ಆದ್ರೆ ಪೂರ್ತಿ ಇಳಿತಕ್ಕೆ ಮುಂಚೆ ಎರಡೂವರೆ ಗಂಟೆ, ಆಮೇಲೆ ಎರಡೂವರೆ ಗಂಟೆ ಮಾತ್ರ ದಾರಿ ತೆರೆದಿರುತ್ತೆ, ತಡ ಮಾಡಿದ್ರೆ ಮುಂದಿನ ಇಳಿತದ ತನಕ ಅಲ್ಲೇ, ಈಜಿ ದಾಟೋ ಸಾಹಸ ಬೇಡವೇ ಬೇಡ. ರೂಮ್ ಬುಕ್ ಮಾಡೋಕೆ ಮುಂಚೆ ಆ ದಿನಗಳ ಟೈಡ್ ಟೈಮ್ ನೋಡಿ. ನೀರಿಗಿಳಿಯೋದು ಲೈಫ್‌ಗಾರ್ಡ್‌ಗಳು ನೆಟ್ಟಿರೋ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ. ಆಗಸ್ಟಲ್ಲೂ ನೀರು 16–17 ಡಿಗ್ರಿ, ಉಡುಪಿ ಮಲ್ಪೆಲಿ ಆಡಿದ ಮಕ್ಕಳು ಐದು ನಿಮಿಷಕ್ಕೆ ಹಲ್ಲು ಕಡೀತಾರೆ.

ಯಾವಾಗ ಹೋಗೋದು? ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ಅಲ್ಲಿ ಸ್ಕೂಲ್ ರಜೆ, ರೇಟು ಗಗನಕ್ಕೆ. ಜೂನ್ ಇಲ್ಲಾ ಸೆಪ್ಟೆಂಬರ್ ಒಳ್ಳೇದು. ಮಳೆ ಯಾವ ತಿಂಗಳಲ್ಲೂ ಬರುತ್ತೆ, ಛತ್ರಿ ಗಾಳಿಗೆ ತಿರುಗಿಬಿಡುತ್ತೆ, ಜರ್ಕಿನ್ ಇಟ್ಕೊಳ್ಳಿ. ಚಳಿಗಾಲಕ್ಕೆ ಹೋಗೋರು ಅಬರಿಸ್ಟ್‌ವಿತ್ ಪಿಯರ್ ಹತ್ರ ಸಂಜೆ ನಿಂತ್ಕೊಳ್ಳಿ, ಸಾವಿರಾರು ಕಬ್ಬಕ್ಕಿಗಳು ಗುಂಪಾಗಿ ಸುತ್ತಿ ಸುತ್ತಿ ಪಿಯರ್ ಅಡಿಗೆ ಇಳಿಯೋದನ್ನ ನೋಡೋಕೆ ಟಿಕೆಟ್ಟೂ ಬೇಡ.

ಸಸ್ಯಾಹಾರಿಗಳು ಚಿಪ್ಸ್ ಕೊಳ್ಳೋಕೆ ಮುಂಚೆ ಯಾವ ಎಣ್ಣೆ ಅಂತ ಕೇಳಿ, ಕೆಲವು ಕಡೆ ದನದ ಕೊಬ್ಬಲ್ಲಿ ಕರೀತಾರೆ. ಗ್ಲಾಮೋರ್ಗನ್ ಸಾಸೇಜ್ ಅಂತ ಸಿಗುತ್ತೆ, ಹೆಸರು ಸಾಸೇಜ್ ಆದ್ರೂ ಒಳಗಿರೋದು ಚೀಸು, ಲೀಕು ಅನ್ನೋ ಈರುಳ್ಳಿ ಜಾತಿಯ ತರಕಾರಿ, ಬ್ರೆಡ್ ಪುಡಿ, ಮೊಟ್ಟೆ ಹಾಕಿರ್ತಾರೆ ಅಷ್ಟೇ.

ಕೊನೇದಾಗಿ ರೂಮು. ಈ ಊರುಗಳ ಗೆಸ್ಟ್‌ಹೌಸ್‌ಗಳು ಎಷ್ಟೋ ಕಡೆ ಮೂರ್ನಾಲ್ಕು ಮಹಡಿ ಹಳೇ ಮನೆಗಳು, ಮೆಟ್ಲು ಕಿರಿದು, ಲಿಫ್ಟ್ ಇರೋದೇ ಅಪರೂಪ, ಸೀ ವ್ಯೂ ರೂಮು ಸಾಮಾನ್ಯವಾಗಿ ಮೇಲಿರುತ್ತೆ. ದುಡ್ಡು ಕಟ್ಟೋಕೆ ಮುಂಚೆ ಎಷ್ಟನೇ ಮಹಡಿ ಅಂತ ಕೇಳಿಬಿಡಿ, ವಾಪಸ್ ಹೊರಡೋದು ಭಾನುವಾರ ಆದ್ರೆ ರೈಲು ಬಸ್ ಟೈಮೂ ಆಗ್ಲೇ ನೋಡ್ಕೊಳ್ಳಿ, ಆವತ್ತು ಗಾಡಿಗಳು ಕಮ್ಮಿ.