ಆಡಿದ್ದು ಸಾಕು, ತಂಡ ನೋಡಿಕೋ ಅಂದರು

ಡಬ್ಲಿನ್‌ನಲ್ಲಿ ಫುಟ್‌ಬಾಲ್ ಆಡ್ತೀನಿ ಅಂದರೆ ಊರಲ್ಲಿ ಎಲ್ಲರೂ ಮೆಸ್ಸಿ ಆಡುವ ಆಟ ಅಂದುಕೊಳ್ಳುತ್ತಾರೆ. ನಾನು ಆಡಿದ್ದು ಗೇಲಿಕ್ ಫುಟ್‌ಬಾಲ್. ತಂಡಕ್ಕೆ 15 ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ನಾಲ್ಕು ಹೆಜ್ಜೆಯೊಳಗೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ್ತುದಿಯಿಂದ ಚಿಮ್ಮಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು. ಹೀಗೆ ಚಿಮ್ಮಿಸುವುದೇ ಸೋಲೋ. ಬಲೆಗೆ ಬಿದ್ದರೆ ಮೂರು ಅಂಕ, ಅಡ್ಡಕಂಬಿಯ ಮೇಲಿಂದ ಹೋದರೆ ಒಂದು. ಶಾಲೆಯಲ್ಲಿ ಖೋ ಖೋ ಆಡಿದ್ದರಿಂದ ಗಕ್ಕನೆ ತಿರುಗಿ ಅಟ್ಟಿಸಿಕೊಂಡು ಹೋಗುವುದು ಬರುತ್ತಿತ್ತು. ಕ್ಲಬ್ಬಿನವರು ಕಾರ್ನರ್ ಬ್ಯಾಕ್ ಮಾಡಿದರು, ಅಂದರೆ ಗೋಲಿನ ಪಕ್ಕದ ಮೂಲೆ ಕಾಯುವ ಡಿಫೆಂಡರ್. ಹತ್ತು ಹನ್ನೆರಡು ವರ್ಷ ಅಲ್ಲೇ ಕಳೆದೆ. ಎಡಗಾಲಿನ ಸೋಲೋ ಮಾತ್ರ ಕೊನೆಗೂ ಒಲಿಯಲಿಲ್ಲ.

ಮಂಡಿ ಕೈಕೊಟ್ಟ ಮೇಲೆ ಜೂನಿಯರ್ ತಂಡದ ಮ್ಯಾನೇಜರ್ ಆಗು ಅಂದರು. ಜೂನಿಯರ್ ಅಂದರೆ ಮಕ್ಕಳಲ್ಲ, ದೊಡ್ಡವರದೇ ಕೆಳದರ್ಜೆಯ ತಂಡ. ಸಂಬಳ ಗಿಂಬಳ ಇಲ್ಲ. 1884ರಲ್ಲಿ ಹುಟ್ಟಿದ, ಈ ಆಟ ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ (ಜಿಎಎ) ಇಂದಿಗೂ ಹವ್ಯಾಸಿಗಳದೇ. ಡಬ್ಲಿನ್‌ನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ 82 ಸಾವಿರ ಜನರ ಮುಂದೆ ಫೈನಲ್ ಆಡಿದವನೂ ಆ ವಾರ ಕೆಲಸಕ್ಕೆ ಹೋಗಲೇಬೇಕು. ಗೆದ್ದಿದ್ದರೆ ಸೋಮವಾರ ಬಿಟ್ಟು ಬುಧವಾರ ಹೋಗುತ್ತಾನೆ, ಅಷ್ಟೇ.

ಆಟಗಾರ ಮ್ಯಾನೇಜರ್ ಆಗುವ ಮಾತು ಬಂದರೆ ಇಲ್ಲಿ ಕೀರನ್ ಮೆಕ್‌ಗೀನಿಯ ಹೆಸರು ಬಂದೇ ಬರುತ್ತದೆ. 2002ರಲ್ಲಿ ನಾಯಕನಾಗಿ ಆರ್ಮಾ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಕೌಂಟಿಗಳ ನಡುವಿನ ಆಲ್ ಐರ್ಲೆಂಡ್ ಕಪ್ ಗೆದ್ದುಕೊಟ್ಟ, 2024ರಲ್ಲಿ ಮ್ಯಾನೇಜರ್ ಆಗಿ ಮತ್ತೆ. ಆದರೆ ಅದು ಕೌಂಟಿ ಮಟ್ಟ. ನಮ್ಮ ಮಟ್ಟದಲ್ಲಿ ತಂತ್ರಗಿಂತ್ರ ಆಮೇಲೆ, ಮೊದಲು ತಲೆ ಎಣಿಸಬೇಕು. ಗುರುವಾರ ವಾಟ್ಸಾಪ್‌ನಲ್ಲಿ ಇಪ್ಪತ್ತು ಚಿಲ್ಲರೆ ಜನ 'ಬರ್ತೀನಿ' ಅನ್ನುತ್ತಾರೆ. ಶನಿವಾರ ರಾತ್ರಿ ಒಬ್ಬನ ತೊಡೆ ಹಿಡಿದುಕೊಂಡಿರುತ್ತದೆ, ಇನ್ನೊಬ್ಬನ ಗೆಳೆಯನ ಮದುವೆ, ಇಬ್ಬರನ್ನು ಕ್ಲಬ್ಬಿನ ಮೊದಲ ತಂಡ ಎಳೆದುಕೊಂಡಿರುತ್ತದೆ. ಹಾಗಾಗಿ ಗುರುವಾರ ಅಭ್ಯಾಸಕ್ಕೆ ಬಂದವರಿಗೇ ಮೊದಲ ಜಾಗ ಅಂತ ಕಟ್ಟುನಿಟ್ಟು ಮಾಡಿದೆ. ಚೆನ್ನಾಗಿ ಆಡುವವರು ಗೊಣಗಿದರು. ಗೊಣಗಲಿ, ಮಳೆಯಲ್ಲಿ ನೆನೆಯುತ್ತಾ ಬಂದವನನ್ನು ಬೆಂಚಿನ ಮೇಲೆ ಕೂರಿಸಿದರೆ ಮುಂದಿನ ವಾರ ಅವನೂ ಬರುವುದಿಲ್ಲ.

ಜೊತೆಗೆ ಆಡಿದವರನ್ನು ಕೈಬಿಡುವುದು ನಿಜವಾದ ಕಷ್ಟ. ಪಟ್ಟಿ ಗುಂಪಿನಲ್ಲಿ ಬೀಳುವ ಮೊದಲೇ ನಾನೇ ಫೋನ್ ಮಾಡುತ್ತೇನೆ. ವರ್ಷಗಟ್ಟಲೆ ನನ್ನ ಪಕ್ಕದಲ್ಲೇ ಫುಲ್ ಬ್ಯಾಕ್ ಆಗಿ, ಅಂದರೆ ಗೋಲಿನ ನೇರ ಮುಂದೆ ಕಾಯುತ್ತಾ ನಿಂತವನಿಗೆ ಹೇಳಿದಾಗ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನನ್ನ ಜಾಗಕ್ಕೆ ಯಾರು?" ಅಂದ. ಹೇಳಿದೆ. "ಆ ಹುಡುಗನಿಗೆ ಎಡಗಾಲೇ ಇಲ್ಲವಲ್ಲೋ!"

"ನಮ್ಮಿಬ್ಬರಿಗೆ ಯಾವಾಗ ಇತ್ತು?" ಅಂದೆ. ನಕ್ಕ, ಪುಣ್ಯ.

2025ರಲ್ಲಿ ನಿಯಮಗಳು ಬದಲಾದವು. ಡಬ್ಲಿನ್‌ಗೆ ಆರು ಸಲ ಕಪ್ ತಂದುಕೊಟ್ಟ ಮ್ಯಾನೇಜರ್ ಜಿಮ್ ಗ್ಯಾವಿನ್ ನೇತೃತ್ವದ ಸಮಿತಿಯ ಕೆಲಸ ಅದು. ಗೋಲಿನಿಂದ 40 ಮೀಟರ್ ದೂರಕ್ಕೆ ನೆಲದ ಮೇಲೆ ಎಳೆದ ಕಮಾನಿನ ಹೊರಗಿಂದ ಅಡ್ಡಕಂಬಿಯ ಮೇಲಿಂದ ಹೋಗುವಂತೆ ಹೊಡೆದರೆ ಎರಡು ಅಂಕ. ಗೋಲ್‌ಕೀಪರ್ ಆಟ ಮತ್ತೆ ಶುರು ಮಾಡಲು ಒದೆಯುವ ಕಿಕ್‌ಔಟ್ ಆ ಕಮಾನು ದಾಟಲೇಬೇಕು, ಅಂದರೆ ಪಕ್ಕದ ಡಿಫೆಂಡರ್‌ಗೆ ಮೆಲ್ಲಗೆ ತಳ್ಳುವ ಕಾಲ ಮುಗಿಯಿತು. ಎತ್ತರಕ್ಕೆ ಜಿಗಿದು ಹಿಡಿಯುವವರು ಮಿಡ್‌ಫೀಲ್ಡ್‌ನಲ್ಲಿ ಬೇಕೇ ಬೇಕು. ಎಲ್ಲರೂ ಹಿಂದೆ ಬಂದು ಗೋಡೆ ಕಟ್ಟುವಂತೆಯೂ ಇಲ್ಲ, ಮೂವರು ಎದುರಾಳಿಯ ಅರ್ಧದಲ್ಲೇ ಉಳಿಯಬೇಕು. ತಪ್ಪಿದರೆ ಎದುರಾಳಿಗೆ ಫ್ರೀ ಕಿಕ್.

ಈ ನಿಯಮ ಬಂದದ್ದೇ ಆ ಹಳೆಯ ಫುಲ್ ಬ್ಯಾಕ್‌ನನ್ನು ಮುಂದಕ್ಕೆ ಕಳಿಸಿದೆ. ಇಡೀ ಮೈದಾನ ಓಡಲು ಅವನಿಂದ ಆಗದು, ಆದರೆ ಮೇಲಿಂದ ಬಂದ ಚೆಂಡು ಅವನ ಕೈತಪ್ಪುವುದಿಲ್ಲ. ಹಿಂದಿನವರು ಸುಸ್ತಾದಾಗ ಮುಂದಿರುವ ಮೂವರ ಲೆಕ್ಕ ತಪ್ಪದಂತೆ ಕೂಗುವುದೂ ಅವನ ಕೆಲಸವೇ. ಅವನ ಗಂಟಲು ಪಕ್ಕದ ಮೈದಾನಕ್ಕೂ ಕೇಳುತ್ತದೆ.