ತೆನೆ ನೋಡಿ ಬಾಯಿ ಹಾಕಿ

ಆಗಸ್ಟ್ ಕಳೆಯುವ ಹೊತ್ತಿಗೆ ದಾವಣಗೆರೆ, ಹರಿಹರ, ಜಗಳೂರಿನ ಹೊಲಗಳಲ್ಲಿ ಮೆಕ್ಕೆಜೋಳ ಆಳೆತ್ತರಕ್ಕೂ ಮೀರಿ ಬೆಳೆದು ಹಾಲುಗಾಳು ಕಟ್ಟಿರುತ್ತದೆ. ಚಿತ್ರದುರ್ಗದಿಂದ ಹರಿಹರದ ತನಕ ಹೆದ್ದಾರಿ 48ರ ಬದಿಯಲ್ಲಿ ಸುಟ್ಟ ತೆನೆಯ ವಾಸನೆ ಬಸ್ಸಿನ ಕಿಟಕಿಯೊಳಗೂ ನುಗ್ಗುತ್ತದೆ. ‘ತೆನೆ ತಿನ್ನೋದರಲ್ಲಿ ಕಲಿಯೋದೇನಿದೆ’ ಎನ್ನುವವರೇ ತಿಂದಾದ ಮೇಲೆ ಹಲ್ಲು ಚುಚ್ಚಿಕೊಳ್ಳಲು ಕಡ್ಡಿ ಹುಡುಕುವುದು. ಕಚ್ಚುವ ಬಗೆ ತೆನೆಯಿಂದ ತೆನೆಗೆ ಬೇರೆ. ಅದನ್ನು ತೀರ್ಮಾನಿಸುವುದು ಕಾಳಿನ ವಯಸ್ಸು, ಆಮೇಲೆ ಬೇಯಿಸಿದ ರೀತಿ.

ಉಗುರಿನ ಪರೀಕ್ಷೆ

ತೆನೆಯ ಜುಟ್ಟು ಕಂದಾಗಿ ಒಣಗಿರಬೇಕು, ಸಿಪ್ಪೆ ಮಾತ್ರ ಹಸಿರಾಗಿರಬೇಕು. ಸಿಪ್ಪೆಯನ್ನು ಎರಡು ಬೆರಳಗಲ ಸರಿಸಿ, ನಡುವಿನ ಒಂದು ಕಾಳಿಗೆ ಹೆಬ್ಬೆರಳಿನ ಉಗುರು ಒತ್ತಿ. ತಿಳಿನೀರು ಬಂದರೆ ಇನ್ನೂ ಎಳಸು. ಬೆಳ್ಳಗಿನ ಹಾಲು ಚಿಮ್ಮಿದರೆ ಬೇಯಿಸಲು ಸರಿ. ಜುಟ್ಟು ಹೊರಬಿದ್ದು ಸುಮಾರು 20 ದಿನವಾದ ತೆನೆ ಅದು. ಹಾಲಿನ ಬದಲು ಗಟ್ಟಿ ಹಿಟ್ಟಿನಂಥದ್ದು ಉಗುರಿಗೆ ಅಂಟಿದರೆ ಕೆಂಡಕ್ಕೆ ಹೇಳಿ ಮಾಡಿಸಿದ್ದು. ಉಗುರೇ ಇಳಿಯದಿದ್ದರೆ ಅದನ್ನು ಗಿಡದಲ್ಲೇ ಬಲಿಯಲು ಬಿಡಿ, ಒಲೆಗೆ ತಂದು ಉಪಯೋಗವಿಲ್ಲ.

ಜುಟ್ಟಿನ ಒಂದೊಂದು ಎಳೆಗೂ ಒಂದೊಂದು ಕಾಳಿನ ಸಂಬಂಧ. ಯಾವ ಎಳೆಗೆ ಪರಾಗ ತಾಗಲಿಲ್ಲವೋ ಆ ಕಾಳು ಕಟ್ಟುವುದಿಲ್ಲ. ತೆನೆಯ ತುದಿ ಬೋಳಾಗಿರುವುದಕ್ಕೆ ಹೆಚ್ಚಾಗಿ ಇದೇ ಕಾರಣ, ರುಚಿಗೆ ಅದರಿಂದ ಕುಂದಿಲ್ಲ. ತುದಿಯಲ್ಲಿ ಹುಳು ಕೊರೆದಿದ್ದರೆ ಎರಡಂಗುಲ ಮುರಿದೆಸೆದು, ಬೂಸು ಇಲ್ಲವೆಂದು ಖಚಿತಪಡಿಸಿಕೊಂಡು ಉಳಿದದ್ದನ್ನು ಬಳಸಿ.

ಹೊಲದಲ್ಲಿ ಕೇಳದೆ ತೆನೆ ಮುರಿಯಬೇಡಿ. ಮಾನದ ಪ್ರಶ್ನೆ ಒತ್ತಟ್ಟಿಗಿರಲಿ. ಫಾಲ್ ಸೈನಿಕ ಹುಳು 2018ರಲ್ಲಿ ಪಕ್ಕದ ಶಿವಮೊಗ್ಗದಲ್ಲಿ ಕಾಣಿಸಿಕೊಂಡಂದಿನಿಂದ ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವುದು ಹೆಚ್ಚಾಗಿದೆ. ಕೊನೆಯ ಸಲ ಯಾವಾಗ, ಏನು ಹೊಡೆದಿದ್ದು ಎಂಬುದು ಹೊಲದವರಿಗೇ ಗೊತ್ತು.

ಮುರಿದ ತೆನೆಯನ್ನು ಅದೇ ದಿನ ಒಲೆಗೆ ಹಾಕಬೇಕು. ಗಿಡ ಬಿಟ್ಟ ಮೇಲೂ ಕಾಳಿನೊಳಗಿನ ಸಕ್ಕರೆ ಪಿಷ್ಟವಾಗುತ್ತಲೇ ಇರುತ್ತದೆ, ಬಿಸಿಲಿಗೆ ಇನ್ನೂ ಬೇಗ. ಸ್ವೀಟ್ ಕಾರ್ನ್‌ನಲ್ಲಿ ಸಕ್ಕರೆ ಮೊದಲೇ ಹೆಚ್ಚು, ಹಾಗಾಗಿ ಫ್ರಿಜ್‌ನಲ್ಲಿ ಸಿಪ್ಪೆ ಸಮೇತ ಎರಡು ಮೂರು ದಿನ ತಡೆದೀತು. ನಾಟಿ ಅಂತ ಮಾರುವ ಹೊಲದ ತೆನೆ ಅಷ್ಟು ತಾಳುವುದಿಲ್ಲ.

ಕೆಂಡದ ತೆನೆ

ಇದ್ದಿಲು ಕೆಂಪಗೆ ಹೊತ್ತಿ ಮೇಲೆ ತೆಳು ಬೂದಿ ಕೂರುವ ತನಕ ಕಾಯಿರಿ. ಉರಿ ಏಳುತ್ತಿರುವಾಗಲೇ ತೆನೆ ಇಟ್ಟರೆ ಮೇಲೆ ಮಸಿ, ಒಳಗೆ ಹಸಿ. ಒಳಗಿನ ಎರಡು ಎಳೆ ಸಿಪ್ಪೆ ಉಳಿಸಿಕೊಂಡು ಮೊದಲು ಐದು ನಿಮಿಷ ಸುಡಿ. ಕಾಳು ತನ್ನ ನೀರಿನಲ್ಲೇ ಬೇಯುತ್ತದೆ. ಆಮೇಲೆ ಸಿಪ್ಪೆ ಹಿಂದಕ್ಕೆ ಮಡಚಿ ಹಿಡಿಕೆ ಮಾಡಿಕೊಂಡು, ಕೆಂಡದಿಂದ ನಾಲ್ಕು ಬೆರಳು ಮೇಲೆ, ನಿಮಿಷಕ್ಕೊಮ್ಮೆ ಕಾಲು ಸುತ್ತು ತಿರುಗಿಸುತ್ತಾ ಇನ್ನೈದು ನಿಮಿಷ. ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದು, ಕಾಳಿನ ಮೈ ಹೊಳಪು ಕಳೆದುಕೊಂಡಾಗ ತೆಗೆಯಿರಿ. ಪಟಪಟ ಸಿಡಿಯತೊಡಗಿದರೆ ಕೆಂಡ ಜೋರಾಗಿದೆ, ಬೀಸಣಿಗೆ ಕೆಳಗಿಡಿ.

ಗ್ಯಾಸ್ ಒಲೆಯಲ್ಲಾದರೆ ಸಿಪ್ಪೆ ಪೂರ್ತಿ ತೆಗೆದು, ಮಧ್ಯಮ ಉರಿಯ ಮೇಲೆ ಜಾಲರಿ ಇಟ್ಟು ಎಂಟು ನಿಮಿಷ. ಹೊಗೆಯ ರುಚಿ ಬರುವುದಿಲ್ಲ, ಅಷ್ಟೇ. ಸ್ವೀಟ್ ಕಾರ್ನನ್ನು ಸುಡಲು ಹೋಗಬೇಡಿ: ತೊಗಲು ತೆಳು, ನೀರು ಜಾಸ್ತಿ, ಕೆಂಡದ ಮೇಲೆ ಮುದುಡಿ ಚರ್ಮ ಸುಕ್ಕಾದಂತೆ ಕಾಣುತ್ತದೆ.

ನಾಲ್ಕು ತೆನೆಗೆ ಒಂದು ಚಮಚ ಪುಡಿಯುಪ್ಪು, ಅರ್ಧ ಚಮಚ ಬ್ಯಾಡಗಿ ಖಾರದ ಪುಡಿ, ಎರಡು ನಿಂಬೆಹಣ್ಣು. ಹೆಚ್ಚಿದ ನಿಂಬೆಯ ಹೋಳನ್ನು ಉಪ್ಪು-ಖಾರಕ್ಕೆ ಅದ್ದಿ, ಬಿಸಿ ತೆನೆಯ ಮೇಲೆ ಬುಡದಿಂದ ತುದಿಗೆ ಮೆಲ್ಲಗೆ ಹಿಂಡುತ್ತಾ ಉಜ್ಜಿ. ಆರಿದ ತೆನೆಗೆ ಉಜ್ಜಿದರೆ ರಸ ಜಾರಿ ಕೈಗೆ ಬರುತ್ತದೆ.

ಬೇಯಿಸಿದ ತೆನೆ

ಜುಟ್ಟು, ಒಳಸಿಪ್ಪೆ ಇದ್ದಂತೆಯೇ ಬೇಯಿಸಿ. ಪರಿಮಳ ಉಳಿಯುತ್ತದೆ, ಬೆಂದ ಮೇಲೆ ಜುಟ್ಟು ಒಂದೇ ಎಳೆತಕ್ಕೆ ಬರುತ್ತದೆ. ಹಸಿಯಲ್ಲೇ ಒಂದೊಂದೇ ಎಳೆ ಕೀಳುತ್ತಾ ಕೂರುವುದು ಸುಮ್ಮನೆ ದಂಡ. ಸ್ವೀಟ್ ಕಾರ್ನ್ ಕುದಿಯುವ ನೀರಿಗೆ ಬಿದ್ದು ಏಳು ನಿಮಿಷಕ್ಕೆ ಮುಗಿಯಿತು. ಹಾಲುಗಾಳಿನ ನಾಟಿ ತೆನೆಗೆ ಕುಕ್ಕರ್‌ನಲ್ಲಿ ಎರಡು ಲೋಟ ನೀರು, ನಾಲ್ಕು ಸೀಟಿ, ಬಲಿತಿದ್ದರೆ ಆರು.

ನೀರಿಗೆ ಹಿಡಿ ಉಪ್ಪು ಸುರಿದರೂ ತೆನೆ ಸಪ್ಪೆಯೇ ಎಂಬ ದೂರು ಸಾಮಾನ್ಯ. ಕಾಳಿಗೆ ಮೈತುಂಬ ತೊಗಲಿದೆ, ಉಪ್ಪು ಅದನ್ನು ದಾಟಲು ಹೊತ್ತು ಬೇಕು. ಲೀಟರಿಗೆ ಎರಡು ಚಮಚದ ಉಪ್ಪುನೀರಿನಲ್ಲಿ ಬೆಂದ ತೆನೆಯನ್ನು ಇನ್ನೂ ಕಾಲು ಗಂಟೆ ಅದರಲ್ಲೇ ಬಿಡಿ. ಹೊರತೆಗೆದು ಗಾಳಿಗಿಟ್ಟರೆ ಕಾಳು ಸುಕ್ಕುಗಟ್ಟುತ್ತದೆ, ತಿನ್ನುವಾಗಲೇ ತೆಗೆಯಿರಿ. ಹಸಿ ಶೇಂಗಾ ಜೊತೆಗೆ ಪಾತ್ರೆಯಲ್ಲಿ ಬೇಯಿಸುವುದಾದರೆ ಶೇಂಗಾ ಮೊದಲು ಇಪ್ಪತ್ತು ನಿಮಿಷ ಕುದಿಯಲಿ, ಆಮೇಲೆ ತೆನೆ.

ಇದಕ್ಕೆ ಬೆಣ್ಣೆ ಹೊಂದುತ್ತದೆ. ಬೆಣ್ಣೆದೋಸೆಯ ಊರಿನಲ್ಲಿ ಅಳತೆ ಹೇಳುವುದು ಅಧಿಕಪ್ರಸಂಗವಾದೀತು. ಆದರೂ ತೆನೆಗೊಂದು ಚಮಚ ಸಾಕು. ಮೇಲೆ ಚಳ್ಳಕೆರೆ ಕಡೆಯ ಶೇಂಗಾ ಚಟ್ನಿಪುಡಿ ಉದುರಿಸಿ, ಬೆಣ್ಣೆಗೆ ಚೆನ್ನಾಗಿ ಅಂಟುತ್ತದೆ. ಬೆಣ್ಣೆ ಸವರಿದ ಮೇಲೆ ನಿಂಬೆ ಬೇಡ, ಜಿಡ್ಡಿನ ಮೇಲೆ ರಸ ನಿಲ್ಲುವುದಿಲ್ಲ.

ಕಚ್ಚುವ ಬಗೆ

ತೆನೆಯ ಸುತ್ತ ಕಾಳಿನ ಸಾಲುಗಳು ಸಾಮಾನ್ಯವಾಗಿ 12ರಿಂದ 18, ಎಣಿಸಿದರೆ ಸಮಸಂಖ್ಯೆಯೇ ಬರುತ್ತದೆ. ಎರಡೆರಡು ಸಾಲು ಜೋಡಿಯಾಗಿ ಹುಟ್ಟುವುದರಿಂದ. ತಿನ್ನುವವರಿಗೆ ಇದು ಅನುಕೂಲ.

ಸಾಲು ಹೊಡೆಯುವುದು ಒಂದು ಬಗೆ. ನೇಗಿಲು ಹಿಡಿದಂತೆ ಬುಡದಿಂದ ತುದಿಗೆ ಎರಡೇ ಸಾಲು ಕಚ್ಚಿ, ತೆನೆ ತಿರುಗಿಸಿ, ಪಕ್ಕದ ಎರಡು ಸಾಲು. ನೇರ ಸಾಲಿನ, ಹಾಲುಗಾಳಿನ, ಬೆಣ್ಣೆ ಸವರಿದ ತೆನೆಗೆ ಇದೇ ಒಳ್ಳೆಯದು. ಇಲ್ಲಿ ಗುಟ್ಟು ಕೆಳಹಲ್ಲಿನಲ್ಲಿದೆ. ಮೊದಲು ಒಂದು ಸಾಲು ಹೇಗಾದರೂ ಖಾಲಿ ಮಾಡಿಕೊಳ್ಳಿ. ಆ ಖಾಲಿ ಜಾಗದಿಂದ ಕೆಳಹಲ್ಲನ್ನು ಪಕ್ಕದ ಕಾಳಿನ ಬುಡಕ್ಕೆ ಕೊಟ್ಟು ಮೇಲಕ್ಕೆ ಮೀಟಿ. ಕಾಳು ಇಡಿಯಾಗಿ, ಮೊಳಕೆಯ ಭಾಗ ಸಮೇತ ಕಿತ್ತು ಬರುತ್ತದೆ. ಮೇಲಿನಿಂದ ನೇರ ಕಚ್ಚಿದರೆ ಕಾಳು ಅರ್ಧಕ್ಕೆ ತುಂಡಾಗಿ, ರುಚಿಯ ಬುಡ ದಿಂಡಿನಲ್ಲೇ ಉಳಿದು, ಹರಿದ ತೊಗಲು ಹಲ್ಲಿನ ಸಂದಿಗೆ ಸೇರುತ್ತದೆ. ಕಡ್ಡಿ ಹುಡುಕುವುದು ಆಗಲೇ.

ಕಣ ಸುತ್ತುವುದು ಇನ್ನೊಂದು. ರೋಣಗಲ್ಲು ತಿರುಗಿದಂತೆ ತೆನೆಯನ್ನು ಬಾಯ ಮುಂದೆ ಸುತ್ತಿಸುತ್ತಾ, ಒಂದು ಪಟ್ಟಿ ಮುಗಿಸಿ ಮುಂದಿನದಕ್ಕೆ ಸರಿಯುವುದು. ಸಾಲು ಸೊಟ್ಟಗಿರುವ, ನಡುನಡುವೆ ಕಾಳು ಕಟ್ಟದ ತೆನೆಗೆ ಇದೇ ದಾರಿ. ತಿನ್ನದ ಭಾಗ ಬೇಗ ಆರುವುದಿಲ್ಲ, ಮುರಿದು ಇನ್ನೊಬ್ಬರಿಗೆ ಕೊಡಲೂ ಬರುತ್ತದೆ. ಆದರೆ ನಿಂಬೆರಸ ಮೊಣಕೈ ತನಕ ಇಳಿಯುತ್ತದೆ.

ಸುಟ್ಟ ಬಲಿತ ತೆನೆಗೆ ಇವೆರಡೂ ಬೇಡ, ಕೈಯೇ ಸರಿ. ಚಾಕುವಿನ ತುದಿಯಿಂದ ಒಂದು ಸಾಲು ಎಬ್ಬಿಸಿ, ಹೆಬ್ಬೆರಳಿನ ಮೆತ್ತನೆ ಭಾಗದಿಂದ ಮುಂದಿನ ಸಾಲನ್ನು ಖಾಲಿ ಜಾಗದ ಕಡೆಗೆ ಒತ್ತುತ್ತಾ ಹೋಗಿ. ನಾಲ್ಕೈದು ಕಾಳು ಒಟ್ಟಿಗೆ ಅಂಗೈಗೆ ಬೀಳುತ್ತವೆ. ಉಗುರಿನಿಂದ ಕೀಳಲು ಹೋದರೆ ಬೆರಳು ಉರಿಯುತ್ತದೆ. ಹಲ್ಲು ಕಟ್ಟಿಸಿಕೊಂಡ ಹಿರಿಯರಿಗೂ ಇದೇ ಕ್ಷೇಮ, ಮುಂದಿನ ಹಲ್ಲಿನ ಮೇಲೆ ಒತ್ತಡವಿಲ್ಲ. ಹೀಗೆ ಬಿಡಿಸಿದ ಒಂದು ಹಿಡಿ ಕಾಳನ್ನು ಎರಡು ಹಿಡಿ ಖಾರ ಮಂಡಕ್ಕಿಗೆ ಹಾಕಿ ನೋಡಿ. ಆದರೆ ಬಾಯಿಗೆ ಹಾಕುವ ಮುನ್ನವಷ್ಟೇ ಕಲಸಿ, ಕಾಳಿನ ಪಸೆಗೆ ಮಂಡಕ್ಕಿ ಮೆತ್ತಗಾಗುತ್ತದೆ. ತೀರ ಚಿಕ್ಕ ಮಕ್ಕಳಿಗೆ ಇಡಿ ಕಾಳು ಗಂಟಲಿಗೆ ಸಿಕ್ಕೀತು, ಅರೆದೇ ಕೊಡಿ.

ಹಸಿರು ಸಿಪ್ಪೆ ದನಕ್ಕೆ ಹಾಕಬಹುದು. ತಿಂದುಳಿದ ದಿಂಡನ್ನು ಬೀದಿನಾಯಿಗೆ ಎಸೆಯಬೇಡಿ. ಬೆಣ್ಣೆಯ ಆಸೆಗೆ ತುಂಡು ನುಂಗಿದರೆ ಕರಗದೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಣಗಿಸಿಟ್ಟರೆ ಮುಂದಿನ ಸಲ ಒಲೆ ಹೊತ್ತಿಸಲು ಬರುತ್ತದೆ.