ಹೊಸಬರಿಗೆ ಮಾರ್ಗದರ್ಶಿ: ಬಳಸಿದ ಚಿಕ್ಕ ಟರ್ಬೊ ಪೆಟ್ರೋಲ್ ಎಸ್‌ಯುವಿ ಕೊಳ್ಳುವ ಮುನ್ನ

ಮನೆ ಮತ್ತು ಮಕ್ಕಳ ಶಾಲೆಯ ವ್ಯವಸ್ಥೆ ಒಂದು ಹಂತಕ್ಕೆ ಬಂದ ಕೂಡಲೇ ಹೊಸದಾಗಿ ಬಂದ ಕುಟುಂಬಗಳು ನಮ್ಮ ಸಂಘದ ಸ್ವಯಂಸೇವಕರನ್ನು ಕೇಳುವುದು ಯಾವ ಕಾರು ತೆಗೆದುಕೊಳ್ಳಬೇಕು ಎಂದು. ಮಗುವಿನ ಸೀಟು ಕೂರಿಸಲು, ವಯಸ್ಸಾದ ತಂದೆತಾಯಿ ಬಗ್ಗದೆ ಹತ್ತಿ ಇಳಿಯಲು, ಇಕ್ಕಟ್ಟಾದ ಜಾಗದಲ್ಲಿ ನಿಲ್ಲಿಸಲು ಅನುಕೂಲವೆಂದು ಹೆಚ್ಚಿನವರ ಮನಸ್ಸು ಚಿಕ್ಕ ಎಸ್‌ಯುವಿಯ ಕಡೆಗೆ ವಾಲುತ್ತದೆ. ಬಳಸಿದ ಗಾಡಿಗಳ ನಡುವೆ ಹುಡುಕಿದಾಗ ಅವುಗಳಲ್ಲಿ ಬಹಳಷ್ಟು 1.0ರಿಂದ 1.5 ಲೀಟರ್ ಗಾತ್ರದ, ಮೂರು ಅಥವಾ ನಾಲ್ಕು ಸಿಲಿಂಡರುಗಳ ಟರ್ಬೊ ಪೆಟ್ರೋಲ್ ಎಂಜಿನ್ನಿನವೇ ಸಿಗುತ್ತವೆ. ಇಂಥ ಗಾಡಿಯನ್ನು ಓಡೋಮೀಟರ್ ನೋಡಿ ಅಳೆಯುವ ಹಳೆಯ ಅಭ್ಯಾಸವನ್ನು ಬಿಟ್ಟು, ಅದರ ಎಂಜಿನ್ ಆಯಿಲನ್ನು ಎಷ್ಟು ಸಲ, ಯಾವಾಗ ಬದಲಿಸಲಾಗಿದೆ ಎಂಬುದನ್ನು ಮೊದಲು ನೋಡಬೇಕೆಂಬುದು ನಮ್ಮ ಸಲಹೆ.

ಕಾರಣ ಇಷ್ಟೇ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಆ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು, ಮತ್ತು ಸಾಮಾನ್ಯವಾಗಿ ಅದನ್ನು ಸವೆಯದಂತೆ ಕಾಯುವುದು ಆಯಿಲಿನ ತೆಳುವಾದ ಒಂದು ಪದರ ಮಾತ್ರ. ಆಯಿಲ್ ಹಳತಾಗಿ ಮಡ್ಡಿಗಟ್ಟಿದರೆ ಮೊದಲು ಪೆಟ್ಟು ಬೀಳುವುದು ಅಲ್ಲಿಗೇ. ಆದ್ದರಿಂದ 1,20,000 ಕಿಲೋಮೀಟರ್ ಓಡಿದ್ದರೂ ವರ್ಷವರ್ಷದ ಸರ್ವಿಸ್ ಬಿಲ್ಲುಗಳಿರುವ ಗಾಡಿ, 40,000 ಓಡಿ ಒಂದು ಕಾಗದವೂ ಇಲ್ಲದ ಗಾಡಿಗಿಂತ ನಂಬಲು ಯೋಗ್ಯ. ಬಿಲ್ಲಿನಲ್ಲಿ ದಿನಾಂಕ, ಆಗಿನ ಕಿಲೋಮೀಟರ್ ಮತ್ತು ಹಾಕಿದ ಆಯಿಲಿನ ದರ್ಜೆ ಮೂರೂ ಇರಬೇಕು. ತಯಾರಕರ ಕೈಪಿಡಿಯಲ್ಲಿ ಹೇಳಿದ ದರ್ಜೆಯೇ ಅದಾಗಿರಬೇಕು.

ಕಡಿಮೆ ಓಡಿದ ಗಾಡಿಯ ಬಗ್ಗೆ ಇನ್ನೂ ಒಂದು ಎಚ್ಚರಿಕೆ ಅಗತ್ಯ. ದಿನವೂ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಮತ್ತು ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮುವ ಎಂಜಿನ್ನುಗಳಲ್ಲಿ (ಇಂಥ ಗಾಡಿಗಳಲ್ಲಿ ಹಲವು ಆ ಬಗೆಯವು) ಉರಿಯದೆ ಉಳಿದ ಪೆಟ್ರೋಲ್ ಗೋಡೆಯುದ್ದಕ್ಕೂ ಇಳಿದು ಆಯಿಲಿನೊಂದಿಗೆ ಬೆರೆಯುತ್ತದೆ. ಹೋಂಡಾ ಕಂಪನಿಯ 1.5 ಲೀಟರ್ ಟರ್ಬೊ ಎಂಜಿನ್ನಿನಲ್ಲಿ ಚಳಿಪ್ರದೇಶಗಳಿಂದ ಇದೇ ದೂರು ಬಂದು, 2018ರಲ್ಲಿ ಚೀನಾದಲ್ಲಿ ಗಾಡಿಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಬೇಕಾಯಿತು. ಆಯಿಲಿನ ಮಟ್ಟ ತೋರಿಸುವ ಕಡ್ಡಿಯನ್ನು (ಡಿಪ್‌ಸ್ಟಿಕ್) ಎಳೆದು ನೋಡಿ: ಆಯಿಲ್ ಮೇಲಿನ ಗೆರೆಯನ್ನು ದಾಟಿದ್ದು ಪೆಟ್ರೋಲಿನ ವಾಸನೆ ಹೊಡೆಯುತ್ತಿದ್ದರೆ, ಆ ಗಾಡಿಯ ಬಾಳು ಹೇಗೆ ಕಳೆದಿದೆಯೆಂದು ಮಾರುವವರನ್ನು ಕೇಳುವ ಅಗತ್ಯವೇ ಇರುವುದಿಲ್ಲ.

ಎಂಜಿನ್ನಿನ ಓಟಕ್ಕೆ ಹೊಂದಿಸಿ ವಾಲ್ವುಗಳನ್ನು ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟಿನ ವಿಷಯದಲ್ಲಿ ಮೋಸಹೋಗುವುದು ಸುಲಭ. ಫೋರ್ಡ್‌ನ 1.0 ಲೀಟರ್ ಇಕೋಬೂಸ್ಟ್ ಮತ್ತು ಪೂಜೊ, ಸಿಟ್ರೊಯೆನ್ ಗಾಡಿಗಳ 1.2 ಲೀಟರ್ ಪ್ಯೂರ್‌ಟೆಕ್ ಎಂಜಿನ್ನುಗಳ ಹಲವು ಆವೃತ್ತಿಗಳಲ್ಲಿ ಈ ರಬ್ಬರ್ ಬೆಲ್ಟ್ ಆಯಿಲಿನಲ್ಲೇ ನೆನೆದು ಓಡುತ್ತದೆ. ಆಯಿಲ್ ಕೆಟ್ಟರೆ ಬೆಲ್ಟ್ ಉಬ್ಬಿ ಉದುರುತ್ತದೆ, ಉದುರಿದ ಚೂರು ಆಯಿಲ್ ಪಂಪಿನ ಜಾಲರಿಗೆ ಅಂಟಿಕೊಳ್ಳುತ್ತದೆ, ಒತ್ತಡ ಕುಸಿದು ಟರ್ಬೊದೊಡನೆ ಇಡೀ ಎಂಜಿನ್ ಒಣಗುತ್ತದೆ. ನಂತರದ ಆವೃತ್ತಿಗಳಲ್ಲಿ ಎರಡೂ ಕಡೆ ಟೈಮಿಂಗ್ ಚೈನ್ ಬಂದಿದೆ. ಹಾಗಾಗಿ ಹೆಸರು ಮತ್ತು ಗಾತ್ರ ಒಂದೇ ಆಗಿದ್ದರೂ ಒಳಗಿರುವುದು ಬೇರೆಯಿರಬಹುದು. ಗಾಡಿಯ 17 ಅಕ್ಷರಗಳ ಗುರುತಿನ ಸಂಖ್ಯೆಯನ್ನು (ವಿಐಎನ್) ತಯಾರಕರ ಸೇವಾಕೇಂದ್ರಕ್ಕೆ ಕೊಟ್ಟು ಯಾವ ಆವೃತ್ತಿ, ಬೆಲ್ಟ್ ಬದಲಾಗಿದೆಯೇ, ಬಾಕಿ ಉಳಿದ ರಿಕಾಲ್ (ದುರಸ್ತಿಗಾಗಿ ತಯಾರಕರು ಹಿಂದಕ್ಕೆ ಕರೆಸಿದ್ದು) ಇದೆಯೇ ಎಂದು ಒಂದೇ ಸಲಕ್ಕೆ ಕೇಳಿಬಿಡಿ.

ಗಾಡಿ ನೋಡಲು ಹೋಗುವ ಮುನ್ನ, ಎಂಜಿನ್ ಸ್ಟಾರ್ಟ್ ಮಾಡದೆ ತಣ್ಣಗಿರಿಸುವಂತೆ ಮಾರುವವರಿಗೆ ತಿಳಿಸಬೇಕು. ಹೋದಾಗ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅದು ಅತಿಥಿಸತ್ಕಾರವಲ್ಲ, ಇನ್ನೊಂದು ದಿನ ಬರುತ್ತೇವೆಂದು ಹೇಳಿ ಹೊರಡಬಹುದು. ತಣ್ಣನೆಯ ಎಂಜಿನ್ ಹೊತ್ತಿಕೊಂಡ ಮೊದಲ ಕೆಲವು ಕ್ಷಣಗಳಲ್ಲಿಯೇ ಸಡಿಲವಾದ ಚೈನಿನ ಗಲಗಲ ಕೇಳಿಸುತ್ತದೆ, ನೀಲಿ ಹೊಗೆ ಕಾಣಿಸುತ್ತದೆ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಚಳಿಯ ಬೆಳಿಗ್ಗೆ ಬಿಳಿ ಹೊಗೆ ಬರೀ ಆವಿ. ಎಂಜಿನ್ ಬಿಸಿಯಾದ ಮೇಲೂ ಅದು ನಿಲ್ಲದೆ ಸಿಹಿ ವಾಸನೆ ಬರುತ್ತಿದ್ದರೆ ಎಂಜಿನ್ ತಣಿಸುವ ದ್ರವ (ಕೂಲೆಂಟ್) ಸಿಲಿಂಡರಿಗೆ ಇಳಿಯುತ್ತಿದೆ ಎಂದರ್ಥ. ಅಂಥ ಗಾಡಿಯ ಬಗ್ಗೆ ಚೌಕಾಶಿಯೂ ಬೇಡ.

ಓಡಿಸಿ ನೋಡುವುದಕ್ಕೆ ಅರ್ಧ ಗಂಟೆಯಾದರೂ ಬೇಕು, ಅದರಲ್ಲಿ ಒಂದು ಏರುದಾರಿ ಇರಲಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಣ್ಣ ತಡದ ನಂತರ ಎಳೆತ ಒಂದೇ ಸಮನೆ ಏರುವುದು ಸಹಜ. ಎಳೆತ ನಡುವೆ ಮುಗ್ಗರಿಸಿದರೆ, ಸೈರನ್ನಿನಂಥ ಕೂಗು ವೇಗದೊಂದಿಗೆ ಏರಿದರೆ, ಅಥವಾ ಎಲ್ಲೋ ಗಾಳಿ ಸೋರುವ ಶಬ್ದ ಬಂದರೆ ಟರ್ಬೊ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮತ್ತು ಅವುಗಳ ನಡುವಿನ ಕೊಳವೆಗಳನ್ನು ಬಿಚ್ಚಿ ನೋಡಿಸಬೇಕಾಗುತ್ತದೆ. ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರೆ ದಟ್ಟಣೆಯಲ್ಲಿ ಆಮೆಯಂತೆ ತೆವಳಿಸಿ ನೋಡಿ. ಒಣ ಕ್ಲಚ್ ಸವೆದಿದ್ದರೆ ಅದರ ನಡುಕ ಅಲ್ಲಿ ತಿಳಿಯುತ್ತದೆ, ಹೆದ್ದಾರಿಯಲ್ಲಿ ತಿಳಿಯುವುದಿಲ್ಲ. ಮೆಟ್ಟಿಲು ಮೆಟ್ಟಿಲಾದ ಗೇರುಗಳಿಲ್ಲದ ಆಟೊಮ್ಯಾಟಿಕ್ (ಸಿವಿಟಿ) ಇದ್ದರೆ ಅದರ ಆಯಿಲ್ ಬದಲಿಸಿದ ದಾಖಲೆ ಕೇಳಿ.

ಇಷ್ಟಾದ ಮೇಲೂ ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಂದ ಪರೀಕ್ಷೆ ಮಾಡಿಸುವುದನ್ನು ಬಿಡಬಾರದು. ಬರೀ ಎಚ್ಚರಿಕೆ ದೀಪ ನೋಡಿದರೆ ಸಾಲದು, ಗಾಡಿಯ ಕಂಪ್ಯೂಟರನ್ನು ಓದುವ ಒಬಿಡಿ ಸ್ಕ್ಯಾನರ್ ಜೋಡಿಸಿ ರೆಡಿನೆಸ್ ಸ್ಥಿತಿಯನ್ನೂ ಓದಬೇಕೆಂದು ಅವರಿಗೆ ಹೇಳಿ: ಗಾಡಿಯ ಸ್ವಯಂಪರೀಕ್ಷೆಗಳಲ್ಲಿ ಹಲವು ಇನ್ನೂ ಮುಗಿದಿಲ್ಲವೆಂದು ತೋರಿದರೆ, ಯಾರೋ ಇತ್ತೀಚೆಗೆ ದೋಷಸಂಕೇತಗಳನ್ನು ಅಳಿಸಿರಬಹುದು ಅಥವಾ ಬ್ಯಾಟರಿ ಬಿಚ್ಚಿರಬಹುದು. ಪೆಟ್ರೋಲ್ ನೇರವಾಗಿ ಸಿಲಿಂಡರಿಗೆ ಹೋಗುವ ಎಂಜಿನ್ನುಗಳಲ್ಲಿ ಗಾಳಿ ಒಳಬಿಡುವ ವಾಲ್ವುಗಳು ತೊಳೆಯಲ್ಪಡದೆ ಅವುಗಳ ಮೇಲೆ ಇಂಗಾಲ ಕಟ್ಟಿಕೊಳ್ಳುತ್ತದೆ. ನಿಂತಲ್ಲೇ ಎಂಜಿನ್ ನಡುಗುತ್ತಿದ್ದರೆ ಇದನ್ನೂ ನೋಡಿಸಿ. ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯಾದರೆ ನಾಲ್ಕೂ ಟೈರು ಒಂದೇ ಬಗೆಯವಾಗಿ, ಒಂದೇ ಮಟ್ಟಕ್ಕೆ ಸವೆದಿರಬೇಕು. ಟೈರಿನ ಪಕ್ಕದಲ್ಲಿ DOT ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. 2319 ಎಂದಿದ್ದರೆ 2019ರ 23ನೇ ವಾರ.

ಚಿಕ್ಕ ಮಕ್ಕಳಿರುವವರು ತಮ್ಮ ಮಗುವಿನ ಸೀಟನ್ನು ಜೊತೆಗೇ ಒಯ್ದು ಕೂರಿಸಿ ನೋಡಬೇಕು. ಹಿಮ್ಮುಖ ಸೀಟು ಹಾಕಿದಾಗ ಮುಂದಿನ ಸೀಟನ್ನು ಎಷ್ಟು ಮುಂದಕ್ಕೆ ತಳ್ಳಬೇಕಾಗುತ್ತದೆಂಬುದು ಚಿಕ್ಕ ಎಸ್‌ಯುವಿಯಲ್ಲಿ ಅನೇಕರಿಗೆ ಕೊಂಡ ಮೇಲೆ ಗೊತ್ತಾಗಿದೆ.

ಹಣ ಕೊಡುವ ಮುನ್ನ ಗಾಡಿಯ ಮೇಲೆ ಸಾಲ ಬಾಕಿ ಇಲ್ಲವೆಂದು, ದಾಖಲೆಯ ವಿಐಎನ್ ಮತ್ತು ಗಾಡಿಯ ಮೇಲಿನ ಸಂಖ್ಯೆ ಒಂದೇ ಎಂದು ಖಚಿತಪಡಿಸಿಕೊಳ್ಳಿ. ವಿಮೆಯ ಮೊತ್ತವನ್ನೂ ಅದೇ ಸಂಖ್ಯೆ ಕೊಟ್ಟು ಮೊದಲೇ ವಿಚಾರಿಸಿ. ಗಾಡಿ ಮನೆಗೆ ಬಂದ ವಾರದೊಳಗೆ, ಹಿಂದಿನವರು ನಿನ್ನೆಯೇ ಬದಲಿಸಿದ್ದೇವೆಂದರೂ, ಕೈಪಿಡಿ ಹೇಳುವ ದರ್ಜೆಯ ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿಸಿ, ಆ ಬಿಲ್ಲನ್ನು ಗಾಡಿಯ ಕಾಗದಗಳೊಂದಿಗೆ ಇಟ್ಟುಕೊಳ್ಳಿ.